ಮೂವತ್ತು ಮನೆಗಳ ಒಂದೇ ಮುಖ: ಬಾತ್ ನಗರದ ರಾಯಲ್ ಕ್ರೆಸೆಂಟ್

ಬ್ರಿಟನ್ನಿನಲ್ಲಿ ಕೆಲಸದಲ್ಲಿರುವ ಮಕ್ಕಳ ಮನೆಗೆಂದು ಕಾಸರಗೋಡು, ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯಿಂದ ಹೋಗಿಬರುವ ತಂದೆತಾಯಂದಿರು ಈಗ ಅನೇಕರಿದ್ದಾರೆ. ಹೋದವರು ಸಾಮಾನ್ಯವಾಗಿ ಲಂಡನ್ನಿನ ಅರಮನೆ, ಸೇತುವೆ, ಗಡಿಯಾರದ ಗೋಪುರಗಳನ್ನು ನೋಡಿ, ಉಳಿದ ದಿನಗಳನ್ನು ಮೊಮ್ಮಕ್ಕಳೊಂದಿಗೆ ಕಳೆದು ಊರಿಗೆ ಮರಳುತ್ತಾರೆ. ಅಂಥವರು ಒಂದು ಇಡೀ ದಿನವನ್ನು ಬಾತ್ ನಗರಕ್ಕಾಗಿ ತೆಗೆದಿಡಬೇಕು ಎಂದು ಹೇಳುವುದಕ್ಕಾಗಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಇಲ್ಲಿ ಪರಿಚಯಿಸುತ್ತಿರುವುದು ಎರಡು ಸೇವೆಗಳನ್ನು: ಒಂದು, ಬಾತ್ ಮೇಯರರ ಗೌರವ ಮಾರ್ಗದರ್ಶಕರು ಉಚಿತವಾಗಿ ನಡೆಸುವ ಕಾಲ್ನಡಿಗೆಯ ನಗರದರ್ಶನ; ಇನ್ನೊಂದು, ರಾಯಲ್ ಕ್ರೆಸೆಂಟ್ ಎಂಬ ಸಾಲುಮನೆಗಳ ಮೊದಲನೆಯ ಮನೆಯಲ್ಲಿರುವ ವಸ್ತುಸಂಗ್ರಹಾಲಯ. ಎರಡೂ ನೋಡಲು ಯೋಗ್ಯವೆಂಬುದು ನನ್ನ ಖಚಿತವಾದ ಅಭಿಪ್ರಾಯ. ಆದರೆ ಇವುಗಳ ಜೊತೆಗೆ, ಯಾರೂ ಕರೆದೊಯ್ಯದ ಮೂರನೆಯ ಒಂದು ಜಾಗಕ್ಕೂ, ಎಂದರೆ ಆ ಮನೆಗಳ ಹಿಂಬದಿಯ ಓಣಿಗೂ ಹೋಗಿ ಬಂದರೆ ಮಾತ್ರ ಆ ಕಟ್ಟಡವನ್ನು ನೋಡಿದಂತಾಗುತ್ತದೆ. ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು. ನಮ್ಮ ಸೀಮೆಯ ಮುರಕಲ್ಲಿನ ಹಳೆಯ ಮನೆಗಳನ್ನು ನೋಡಿ ಅವುಗಳ ನಕ್ಷೆ ಬರೆದಿಡುವುದು ನನ್ನ ಬಹುಕಾಲದ ಹವ್ಯಾಸ. ಆದ್ದರಿಂದ ಈ ಬರಹದಲ್ಲಿ ಕಲ್ಲಿನ ಮಾತು, ಗೋಡೆಯ ಮಾತು ಸ್ವಲ್ಪ ಹೆಚ್ಚಾಗಿಯೇ ಬರುತ್ತದೆ.

ಬ್ರಿಸ್ಟಲ್‌ನಿಂದ ರೈಲಿನಲ್ಲಿ ಬಾತ್‌ಗೆ ಸುಮಾರು ಕಾಲು ಗಂಟೆಯ ದಾರಿ; ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಸುಮಾರು ಒಂದೂವರೆ ಗಂಟೆ. ನೆಲದಡಿಯಿಂದ ಉಕ್ಕುವ ಬಿಸಿನೀರಿಗಾಗಿ ರೋಮನ್ನರ ಕಾಲದಿಂದಲೂ ಜನ ಆ ಊರಿಗೆ ಬರುತ್ತಿದ್ದರು. 18ನೇ ಶತಮಾನದಲ್ಲಿ ಆ ಸ್ನಾನ ಒಂದು ಶೋಕಿಯಾಗಿ, ಶ್ರೀಮಂತರು ವರ್ಷದ ಕೆಲವು ತಿಂಗಳು ಅಲ್ಲಿಯೇ ಬಿಡಾರ ಹೂಡುವ ಪದ್ಧತಿ ಬೆಳೆಯಿತು. ಹಾಗೆ ಬಂದವರಿಗೆ ಬಾಡಿಗೆಗೆ ಕೊಡಲು ಒಳ್ಳೆಯ ಮನೆಗಳು ಬೇಕಾದವು. ಬಾತ್‌ನ ಪ್ರಸಿದ್ಧ ಸಾಲುಮನೆಗಳೆಲ್ಲ ಹುಟ್ಟಿದ್ದು ಈ ಅಗತ್ಯದಿಂದ. ಇಂದು ಇಡೀ ನಗರವೇ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ; ಯುನೆಸ್ಕೊ ಅದನ್ನು ಸೇರಿಸಿದ್ದು 1987ರಲ್ಲಿ.

ಉಚಿತ ನಗರದರ್ಶನ ಹೊರಡುವುದು ಪಂಪ್ ರೂಮ್ ಕಟ್ಟಡದ ಎದುರಿನ, ದೊಡ್ಡ ಇಗರ್ಜಿಯ ಅಂಗಳದಿಂದ. 1930ರ ದಶಕದಿಂದ ನಡೆದುಬಂದಿರುವ ಈ ಸೇವೆಯ ಮಾರ್ಗದರ್ಶಕರೆಲ್ಲರೂ ಸ್ವಯಂಸೇವಕರು. ಅವರು ಶುಲ್ಕ ಕೇಳುವುದಿಲ್ಲ, ಕೊನೆಯಲ್ಲಿ ಕೈಯಲ್ಲಿ ಏನಾದರೂ ಇಡಲು ಹೋದರೆ ಅದನ್ನೂ ಸ್ವೀಕರಿಸುವುದಿಲ್ಲ. ನಡಿಗೆ ಸುಮಾರು ಎರಡು ಗಂಟೆಗಳದು. ನಮ್ಮ ಗುಂಪನ್ನು ಕರೆದೊಯ್ದವರು ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತನಾಡುವ ಹಿರಿಯರು. ಶಾಲೆಯಲ್ಲಿ ಕಲಿತ ಇಂಗ್ಲಿಷ್ ಇದ್ದವರಿಗೆ ಅರ್ಥವಾಗದಂಥದ್ದು ಏನೂ ಇರಲಿಲ್ಲ. ಅವರು ಕಥೆಗಳಿಗಿಂತ ಕಟ್ಟಡಗಳಿಗೆ ಹೆಚ್ಚು ಸಮಯ ಕೊಟ್ಟರು. ಒಂದು ಗೋಡೆಯ ಮುಂದೆ ನಿಲ್ಲಿಸಿ, ನಾವೇ ನೋಡಿ ಕಂಡುಕೊಳ್ಳುವವರೆಗೆ ಕಾದು, ಆಮೇಲೆ ವಿವರಿಸುವ ಅವರ ಕ್ರಮ ಮೇಷ್ಟ್ರುಗಿರಿ ಮಾಡಿದ ನನಗೆ ಬಹಳ ಹಿಡಿಸಿತು.

ಮೊದಲು ಸಿಗುವುದು ಕ್ವೀನ್ ಸ್ಕ್ವೇರ್. ರಾಯಲ್ ಕ್ರೆಸೆಂಟನ್ನು ಅರ್ಥಮಾಡಿಕೊಳ್ಳಲು ಬೇಕಾದ ಸೂತ್ರ ಇಲ್ಲಿಯೇ ಇದೆ. ಜಾನ್ ವುಡ್ ಎಂಬ ಹೆಸರಿನ ಇಬ್ಬರು ವಾಸ್ತುಶಿಲ್ಪಿಗಳಿದ್ದರು, ತಂದೆ ಮತ್ತು ಮಗ. ತಂದೆ (1704-1754) ರಾಬರ್ಟ್ ಗೇ ಎಂಬ ಜಮೀನುದಾರನಿಂದ ನೆಲವನ್ನು ದೀರ್ಘಾವಧಿಯ ಗೇಣಿಗೆ ಪಡೆದು, 1728ರಲ್ಲಿ ಈ ಚೌಕದ ಕೆಲಸವನ್ನು ಆರಂಭಿಸಿದರು. ಎಲ್ಲ ಮನೆಗಳನ್ನೂ ಸ್ವಂತ ಹಣದಿಂದ ಕಟ್ಟಿಸುವಷ್ಟು ಬಂಡವಾಳ ಅವರಲ್ಲಿರಲಿಲ್ಲ. ಅದಕ್ಕಾಗಿ ನೆಲವನ್ನು ತುಂಡುತುಂಡಾಗಿ ಬೇರೆ ಬೇರೆ ಕಟ್ಟುವವರಿಗೆ ಒಳಗೇಣಿಗೆ ಕೊಟ್ಟು, ಬೀದಿಗೆ ಕಾಣುವ ಮುಂಗೋಡೆ ಮಾತ್ರ ತಾನು ಬರೆದುಕೊಟ್ಟ ನಕ್ಷೆಯಂತೆಯೇ ಇರಬೇಕೆಂಬ ಶರತ್ತನ್ನು ಹಾಕಿದರು. ಮುಂಗೋಡೆಯ ಹಿಂದೆ ಎಷ್ಟು ಕೋಣೆ, ಎಲ್ಲಿ ಮೆಟ್ಟಿಲು, ಎಂಥ ಒಲೆ ಎಂಬುದೆಲ್ಲ ಆಯಾ ಮನೆಯವರ ಇಷ್ಟ. ಹೀಗಾಗಿ ಚೌಕದ ಉತ್ತರ ದಿಕ್ಕಿನಲ್ಲಿ ಏಳು ಬೇರೆ ಬೇರೆ ಮನೆಗಳು ನಿಂತಿದ್ದರೂ ನೋಡುವವರಿಗೆ ಕಾಣುವುದು ನಡುವೆ ತ್ರಿಕೋನಾಕಾರದ ಮುಕುಟ ಹೊತ್ತ ಒಂದೇ ಅರಮನೆ. ಮಾರ್ಗದರ್ಶಕರು ಬಾಗಿಲುಗಳನ್ನು ಎಣಿಸಿ ತೋರಿಸಿದ ಮೇಲೆಯೇ ಅದು ಏಳು ಮನೆಗಳೆಂದು ನನಗೆ ಹೊಳೆದದ್ದು.

ಅಲ್ಲಿಂದ ಗೇ ಬೀದಿಯನ್ನು ಹತ್ತಿದರೆ ಸರ್ಕಸ್ ಎಂಬ ವೃತ್ತಾಕಾರದ ಸಾಲುಮನೆಗಳು. ತಂದೆ ವುಡ್ 1754ರಲ್ಲಿ ಅಡಿಗಲ್ಲು ಹಾಕಿ, ಅದೇ ವರ್ಷ ತೀರಿಕೊಂಡರು. ಮಗ ಅದನ್ನು 1768ರಲ್ಲಿ ಮುಗಿಸಿದರು. ಸುಮಾರು 318 ಅಡಿ ಅಡ್ಡಳತೆಯ ಈ ವೃತ್ತವನ್ನು ಮೂರು ಬೀದಿಗಳು ಮೂರು ತುಂಡುಗಳಾಗಿ ಮಾಡುತ್ತವೆ. ಯಾವ ಬೀದಿಯಿಂದ ಒಳಗೆ ಬಂದರೂ ಎದುರಿಗೆ ಬೀದಿಯ ಬಾಯಿ ಕಾಣದೆ ಮನೆಗಳ ಬಾಗಿದ ಗೋಡೆಯೇ ಕಾಣುವಂತೆ ಲೆಕ್ಕ ಹಾಕಿದ್ದಾರೆ. ಮೂರು ಅಂತಸ್ತುಗಳಲ್ಲಿ ಹಳೆಯ ಗ್ರೀಕ್-ರೋಮನ್ ಮಾದರಿಯ ಮೂರು ಬಗೆಯ ಜೋಡಿ ಕಂಬಗಳು: ಕೆಳಗೆ ಡೋರಿಕ್, ನಡುವೆ ಅಯೋನಿಕ್, ಮೇಲೆ ಕೊರಿಂಥಿಯನ್. ಕೆಳ ಅಂತಸ್ತಿನ ಕಂಬಗಳ ಮೇಲಿನ ಪಟ್ಟಿಯಲ್ಲಿ ಸರ್ಪ, ಹಡಗಿನ ಸಲಕರಣೆ, ಕಲೆ ಮತ್ತು ವಿಜ್ಞಾನದ ಗುರುತುಗಳು ಹೀಗೆ 525 ಕೆತ್ತನೆಗಳಿವೆ. ಚೆಂದವೇನೋ ಹೌದು. ಆದರೆ ನನ್ನ ಮಟ್ಟಿಗೆ ಸರ್ಕಸ್ಸಿನಲ್ಲಿ ಕಣ್ಣಿಗೆ ಬಿಡುವಿಲ್ಲ. ಕಂಬ, ಪಟ್ಟಿ, ಕೆತ್ತನೆ ಎಲ್ಲವೂ ಒಟ್ಟಿಗೆ ಮಾತನಾಡುತ್ತವೆ. ತಂದೆಯ ಈ ತುಂಬುಗಾರಿಕೆಯನ್ನು ನೋಡಿದ ಮೇಲೆ ಮಗನ ಕೆಲಸದ ಬೆಲೆ ಹೆಚ್ಚು ಚೆನ್ನಾಗಿ ತಿಳಿಯುತ್ತದೆ ಎಂಬ ಕಾರಣಕ್ಕಾಗಿಯಾದರೂ ಇದನ್ನು ಮೊದಲು ನೋಡಬೇಕು.

ಸರ್ಕಸ್ಸಿನಿಂದ ರಾಯಲ್ ಕ್ರೆಸೆಂಟ್‌ಗೆ ಹೋಗುವ ಬ್ರಾಕ್ ಬೀದಿಯ ಮನೆಗಳು ಸಾದಾ. ಅಲಂಕಾರವಿಲ್ಲದ ಆ ಬೀದಿಯ ತುದಿಯವರೆಗೂ ಮುಂದೆ ಏನಿದೆ ಎಂಬ ಸುಳಿವು ಸಿಗುವುದಿಲ್ಲ. ತುದಿಯಲ್ಲಿ ಎಡಗಡೆ ಒಮ್ಮೆಲೇ ಬಯಲು ತೆರೆಯುತ್ತದೆ, ಬಲಗಡೆ ಒಂದನೇ ಮನೆಯ ಮೂಲೆಯಿಂದ ಆರಂಭಿಸಿ ಮೂವತ್ತು ಮನೆಗಳು ಅರ್ಧ ದೀರ್ಘವೃತ್ತದಲ್ಲಿ ಬಾಗಿಕೊಂಡು ಹೋಗುವುದು ಕಾಣುತ್ತದೆ. ಸುಮಾರು 500 ಅಡಿ ಉದ್ದದ ಈ ಬಾಗುಗೋಡೆಯ ಮೇಲೆ 114 ಅಯೋನಿಕ್ ಕಂಬಗಳಿವೆ. 1767ರಲ್ಲಿ ಆರಂಭವಾದ ಕೆಲಸ ಮುಗಿಯಲು ಸುಮಾರು ಏಳು ವರ್ಷ ಹಿಡಿಯಿತು. ಮೊದಲು ಇದನ್ನು ಬರಿದೆ ಕ್ರೆಸೆಂಟ್ ಎಂದು ಕರೆಯುತ್ತಿದ್ದರು. ರಾಜಕುಮಾರ ಫ್ರೆಡರಿಕ್ ಇಲ್ಲಿ ವಾಸ ಮಾಡಿದ ಮೇಲೆ ರಾಯಲ್ ಎಂಬುದು ಸೇರಿಕೊಂಡಿತು.

ಮಗ ವುಡ್ ಇಲ್ಲಿ ಮಾಡಿದ ಮುಖ್ಯ ಕೆಲಸವೆಂದರೆ ಬಿಟ್ಟುಬಿಡುವುದು. ಕೆಳ ಅಂತಸ್ತಿನಲ್ಲಿ ಕಂಬವಿಲ್ಲ, ಕೆತ್ತನೆಯಿಲ್ಲ. ನಯವಾಗಿ ಚೌಕ ಕಡಿದ ಕಲ್ಲಿನ ಗೋಡೆಯಲ್ಲಿ ಬಾಗಿಲು ಮತ್ತು ಕಿಟಕಿಗಳ ಬರಿಯ ತೆರಪುಗಳು ಮಾತ್ರ. ಆ ಸಾದಾ ಪೀಠದ ಮೇಲೆ, ಒಂದೊಂದು ಅಂತಸ್ತಿಗೆ ಒಂದೊಂದು ಸಾಲು ಕಂಬ ನಿಲ್ಲಿಸುವ ತಂದೆಯ ಕ್ರಮವನ್ನು ಬಿಟ್ಟು, ಎರಡು ಅಂತಸ್ತುಗಳನ್ನು ಒಟ್ಟಿಗೆ ದಾಟಿ ಹೋಗುವ ಒಂದೇ ಸಾಲು ದೊಡ್ಡ ಕಂಬಗಳನ್ನು ಅವರು ನಿಲ್ಲಿಸಿದರು. ಕಂಬದ ದಪ್ಪ ಸುಮಾರು 30 ಅಂಗುಲ. ನೆಲದಿಂದ ಸುಮಾರು 47 ಅಡಿಯವರೆಗೆ ಅವು ತಲಪುತ್ತವೆ. ಅವುಗಳ ಮೇಲೆ ಸುಮಾರು 5 ಅಡಿ ಎತ್ತರದ ಅಡ್ಡಪಟ್ಟಿಯೊಂದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಲ್ಲಿಯೂ ಕಡಿಯದೆ ಓಡುತ್ತದೆ. ಕಂಬದ ತಲೆಯ ಬೋದಿಗೆಗಳ ಸುರುಳಿಯನ್ನು ಬಿಟ್ಟರೆ ಅಲಂಕಾರವೆಂದು ಬೆರಳಿಟ್ಟು ತೋರಿಸುವಂಥದ್ದು ಹೆಚ್ಚೇನೂ ಇಲ್ಲ. ಒಂದೇ ಅಳತೆಯ ಅಂತರದಲ್ಲಿ ಒಂದೇ ಬಗೆಯ ಕಂಬ ಮರುಕಳಿಸುತ್ತ ಹೋಗಿ, ನಡುಮನೆಗೆ ಬಂದಾಗ ಮಾತ್ರ ಕಂಬಗಳು ಜೋಡಿಯಾಗುತ್ತವೆ. ಅಷ್ಟು ಉದ್ದದ ಕಟ್ಟಡಕ್ಕೆ ಅದೊಂದೇ ನಡುಗುರುತು. ತ್ರಿಕೋನ ಮುಕುಟವನ್ನೋ ಗುಮ್ಮಟವನ್ನೋ ಅಲ್ಲಿ ಇಡುವ ಆಸೆಯನ್ನು ತಡೆದುಕೊಂಡದ್ದು ದೊಡ್ಡ ಸಂಯಮ ಎಂದು ನಾನು ತಿಳಿಯುತ್ತೇನೆ.

ಬಾಗುವಿಕೆಯ ಲೆಕ್ಕವೂ ಗಮನಿಸತಕ್ಕದ್ದು. ವೃತ್ತವಾಗಿದ್ದರೆ ಎಲ್ಲ ಕಡೆ ಬಾಗು ಒಂದೇ ಸಮವಾಗಿರುತ್ತಿತ್ತು; ದೀರ್ಘವೃತ್ತವಾದ್ದರಿಂದ ನಡುವಿನ ಮನೆಗಳು ಹೆಚ್ಚು ಕಡಿಮೆ ನೇರವಾಗಿ ನಿಂತು, ತುದಿಗಳತ್ತ ಬಾಗು ಬಿಗಿಯಾಗುತ್ತ ಬರುತ್ತದೆ. ಎರಡು ಮೊಳೆ ಹೊಡೆದು, ದಾರದ ಕುಣಿಕೆ ಹಾಕಿ ದೀರ್ಘವೃತ್ತ ಎಳೆಯುವುದನ್ನು ಮಕ್ಕಳಿಗೆ ಕಲಿಸಿದ ನನಗೆ, ಅದೇ ಗೆರೆಯನ್ನು ಗುಡ್ಡದ ಇಳಿಜಾರಿನಲ್ಲಿ ಕಲ್ಲಿನಿಂದ ಎಳೆದಿರುವುದನ್ನು ನೋಡಿದಾಗ ಆದ ಸಂತೋಷವನ್ನು ಮರೆಮಾಚಲಾರೆ. ಮನೆಗಳ ಮುಖ ಬಾಗಿನ ಒಳಮೈಗೆ ಇರುವುದರಿಂದ ಮನೆಮನೆಗಳ ನಡುವಿನ ಅಡ್ಡಗೋಡೆಗಳು ಹಿಂದಕ್ಕೆ ಹೋದಂತೆ ಅಗಲಿಸುತ್ತವೆ. ಎಂದರೆ ಮುಂದೆ ಇಕ್ಕಟ್ಟು, ಹಿಂದೆ ವಿಶಾಲ. ನಮ್ಮಲ್ಲಿ ಬಾಗಿದ ಗೋಡೆ ನೋಡಬೇಕಾದರೆ ಮಧೂರಿನ ದೇವಸ್ಥಾನದ ಗಜಪೃಷ್ಠದ ಹಿಂಬದಿಗೆ ಹೋಗಬೇಕು. ಅಲ್ಲಿ ಬಾಗು ದೇವರ ಗರ್ಭಗುಡಿಯನ್ನು ಹೊರಗಿನಿಂದ ಅಪ್ಪಿಕೊಂಡಿದೆ, ಇಲ್ಲಿ ಅದು ಬಯಲನ್ನು ಒಳಗೆ ಕರೆದುಕೊಳ್ಳುತ್ತದೆ.

ಆ ಬಯಲೂ ಕಟ್ಟಡದ ಒಂದು ಭಾಗವೆಂದೇ ಹೇಳಬೇಕು. ಮನೆಗಳ ಮುಂದಿನ ಹುಲ್ಲುಹಾಸು ಅಲ್ಲಿ ವಾಸಿಸುವವರದು. ಅದರಿಂದ ಕೆಳಗಿನದು ಸಾರ್ವಜನಿಕ ಉದ್ಯಾನ, 1830ರಲ್ಲಿ 11 ವರ್ಷದ ವಿಕ್ಟೋರಿಯಾ ರಾಜಕುಮಾರಿ ತೆರೆದದ್ದು. ಎರಡರ ನಡುವೆ ಬೇಲಿಯಿಲ್ಲ. ಮೇಲಿನಿಂದ ನೋಡಿದರೆ ಹುಲ್ಲು ಒಂದೇ ಸಮನೆ ಇಳಿದು ಹೋದಂತೆ ಕಾಣುತ್ತದೆ. ಕೆಳಗಿನಿಂದ ಹತ್ತಿದವರಿಗೆ ಮಾತ್ರ, ಒಂದು ಬದಿ ಕಲ್ಲು ಕಟ್ಟಿ ಇನ್ನೊಂದು ಬದಿ ಇಳಿಜಾರು ಬಿಟ್ಟ ತೋಡು ಅಡ್ಡ ಬರುತ್ತದೆ. ನಮ್ಮ ತೋಟಗಳ ಗಡಿಯಲ್ಲಿ ದನ ನುಗ್ಗದಂತೆ ತೋಡುವ ಅಗಳಿನ ಕೆಲಸವನ್ನೇ ಅದು ಮಾಡುತ್ತದೆ. ವ್ಯತ್ಯಾಸವೆಂದರೆ ಅವರು ಅದನ್ನು ನೋಟಕ್ಕೆ ಅಡ್ಡವಾಗದ ಹಾಗೆ ಅಡಗಿಸಿದ್ದಾರೆ. ಮೇಯುವ ಪ್ರಾಣಿಗಳು ಹತ್ತಿರ ಕಾಣಬೇಕು, ಅಂಗಳಕ್ಕೆ ಬರಬಾರದು ಎಂಬುದು ಅದರ ಉದ್ದೇಶ.

ಮಾರ್ಗದರ್ಶಕರು ಹೋದ ಮೇಲೆ ಹಿಂಬದಿಯ ಓಣಿಗೆ ನಡೆದೆವು. ಮುಂದೆ ಅಷ್ಟು ಶಿಸ್ತಿನಿಂದ ನಿಂತ ಮನೆಗಳು ಹಿಂದೆ ಒಂದೊಂದು ಒಂದೊಂದು ತೆರನಾಗಿವೆ. ಒಂದರ ಮಾಡು ಎತ್ತರ, ಪಕ್ಕದ್ದು ತಗ್ಗು. ಒಂದರ ಗೋಡೆ ಮುಂದೆ ಚಾಚಿದೆ, ಇನ್ನೊಂದರದು ಒಳಗೆ ಸರಿದಿದೆ. ಕಿಟಕಿಗಳು ಒಂದು ಗೆರೆಯಲ್ಲಿಲ್ಲ, ಕೊಳವೆಗಳು ಗೋಡೆಯ ಮೇಲೆ ಹರಿದಾಡುತ್ತವೆ. ಚೌಕ ಕಡಿದ ಕಲ್ಲಿನ ಬದಲು ಒರಟು ಕಲ್ಲಿನ ಕಟ್ಟಣೆ. ಮುಂಗೋಡೆಯ ಇಷ್ಟಿಷ್ಟು ಉದ್ದವನ್ನು ಕೊಂಡವರು ತಮ್ಮ ತಮ್ಮ ಕೆಲಸಗಾರರಿಂದ ಹಿಂದಿನ ಮನೆಯನ್ನು ಕಟ್ಟಿಸಿಕೊಂಡದ್ದರ ಫಲ ಇದು. ಕೆಲವರು ಇದನ್ನು ತೋರಿಕೆ ಎನ್ನುತ್ತಾರೆ. ನನಗೆ ಹಾಗೆನಿಸಲಿಲ್ಲ. ಬೀದಿಗೆ ಕಾಣುವ ಗೋಡೆ ಊರಿನದು, ಅದರ ಹಿಂದಿನದು ಮನೆಯವರದು ಎಂಬ ಒಪ್ಪಂದವನ್ನು ಇಷ್ಟು ಸ್ಪಷ್ಟವಾಗಿ ಕಲ್ಲಿನಲ್ಲಿ ಬರೆದದ್ದನ್ನು ನಾನು ಬೇರೆ ಎಲ್ಲಿಯೂ ನೋಡಿಲ್ಲ. ಒಬ್ಬರ ಸಂಸಾರ ದೊಡ್ಡದು, ಇನ್ನೊಬ್ಬರದು ಸಣ್ಣದು. ಒಬ್ಬರಿಗೆ ಗಾಡಿಯ ಕೊಟ್ಟಿಗೆ ಬೇಕು, ಇನ್ನೊಬ್ಬರಿಗೆ ಬೇಡ. ಆ ಭೇದಗಳಿಗೆಲ್ಲ ಹಿಂಬದಿಯಲ್ಲಿ ಜಾಗ ಕೊಟ್ಟಿದ್ದರಿಂದಲೇ ಮುಂಬದಿಯ ಒಗ್ಗಟ್ಟು ಇಷ್ಟು ಕಾಲ ಬಾಳಿದೆ. 1942ರ ಏಪ್ರಿಲಿನ ಬಾಂಬು ದಾಳಿಯಲ್ಲಿ 2 ಮತ್ತು 17ನೇ ಮನೆಗಳ ಒಳಭಾಗ ಸುಟ್ಟುಹೋದವು. ಯುದ್ಧದ ನಂತರ ಅವನ್ನು ಮತ್ತೆ ಕಟ್ಟಿಕೊಂಡರು. ಇಂದು ಮುಂಬದಿಯಿಂದ ನೋಡುವವರಿಗೆ ಆ ಎರಡು ಮನೆಗಳು ಯಾವುವೆಂದು ಗೊತ್ತಾಗುವುದೇ ಇಲ್ಲ.

ಈ ಒಪ್ಪಂದವನ್ನು ಕೆಣಕಿದವರೂ ಇದ್ದಾರೆ. 1970ರ ದಶಕದಲ್ಲಿ 22ನೇ ಮನೆಯ ಒಡತಿ ತಮ್ಮ ಮುಂಬಾಗಿಲಿಗೆ ಹಳದಿ ಬಣ್ಣ ಬಳಿಸಿದರು. ಉಳಿದ ಬಾಗಿಲುಗಳು ಬಿಳಿ. ನಗರಾಡಳಿತ ನೋಟಿಸು ಕೊಟ್ಟಿತು, ವಿಚಾರಣೆ ನಡೆಯಿತು, ಕೊನೆಗೆ ಆಕೆಯೇ ಗೆದ್ದರು. ಬಾಗಿಲಿನ ಒಂದು ಬಣ್ಣಕ್ಕಾಗಿ ಸರಕಾರದ ಮಟ್ಟದವರೆಗೆ ವಾದ ಹೋಯಿತೆಂಬುದನ್ನು ಕೇಳಿದಾಗ ಅಲ್ಲಿನವರು ಆ ಗೋಡೆಯನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದಾರೆಂದು ತಿಳಿಯಿತು.

ಊರಿಗೆ ಬಂದ ಮೇಲೆ ಚಿತ್ರಗಳನ್ನು ನೀರ್ಚಾಲಿನ ಕಡೆಯ ಹಿರಿಯ ಮೇಸ್ತ್ರಿಯೊಬ್ಬರಿಗೆ ತೋರಿಸಿದೆ. ಅವರು ಮೊದಲು ಕೇಳಿದ್ದು ಕಂಬಗಳ ವಿಷಯವಲ್ಲ, ಕಲ್ಲಿನ ವಿಷಯ. ‘ಇಷ್ಟು ಸಪೂರ ಸಂದು ಬರಬೇಕಾದರೆ ಕಲ್ಲು ಮೆತ್ತಗೆ ಇರಬೇಕು ಮಾಷ್ಟ್ರೇ, ಗಟ್ಟಿ ಕಲ್ಲಿನಲ್ಲಿ ಇದು ಆಗದು’ ಎಂದರು. ಅವರ ಊಹೆ ಸರಿಯಾಗಿಯೇ ಇತ್ತು. ಬಾತ್ ಕಲ್ಲು ಒಂದು ಜಾತಿಯ ಸುಣ್ಣಕಲ್ಲು, ಮೀನಿನ ಮೊಟ್ಟೆಯಂಥ ಸಣ್ಣ ಸಣ್ಣ ಕಾಳುಗಳು ಒತ್ತಿಕೊಂಡು ಆದದ್ದು. ನೆಲದಡಿಯಿಂದ ತೆಗೆದಾಗ ಅದರೊಳಗೆ ನೀರಿನ ಪಸೆಯಿರುತ್ತದೆ, ಆಗ ಗರಗಸದಿಂದ ಕೊಯ್ಯಬಹುದಾದಷ್ಟು ಮೆದು. ಗಾಳಿಗೆ ಒಡ್ಡಿದಾಗ ಪಸೆ ಆರಿ, ಅದರಲ್ಲಿ ಕರಗಿದ್ದ ಸುಣ್ಣ ಹೊರಮೈಗೆ ಬಂದು ಕಲ್ಲು ಬಿಗಿಯಾಗುತ್ತದೆ. ಪಸೆ ಆರುವ ಮೊದಲು ಚಳಿಗಾಲದ ಹಿಮಕ್ಕೆ ಸಿಕ್ಕಿದರೆ ಅದು ಒಡೆಯುತ್ತದೆ. ಆದ್ದರಿಂದ ಚಳಿಗಾಲದಲ್ಲಿ ತೆಗೆದ ಕಲ್ಲನ್ನು ಗಣಿಯೊಳಗೇ ಇಟ್ಟು ಹದಮಾಡುತ್ತಿದ್ದರು. ಕಟ್ಟುವಾಗ, ನೆಲದಡಿಯಲ್ಲಿ ಕಲ್ಲು ಯಾವ ರೀತಿ ಮಲಗಿತ್ತೋ ಅದೇ ರೀತಿ ಪದರು ಅಡ್ಡ ಬರುವಂತೆ ಇಡಬೇಕು. ನಿಲ್ಲಿಸಿ ಇಟ್ಟರೆ ಹೊರಮೈ ಹಪ್ಪಳೆಯಾಗಿ ಏಳುತ್ತದೆ.

ನಮ್ಮ ಮುರಕಲ್ಲಿನ ಗುಣವೂ ಹತ್ತಿರ ಹತ್ತಿರ ಹೀಗೆಯೇ ಇದೆ. ಕೋರೆಯಲ್ಲಿ ಕೊಡಲಿಯಿಂದ ಕಡಿಯಬಹುದಾದ ಕಲ್ಲು ಬಿಸಿಲು ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಅಲ್ಲಿ ಸುಣ್ಣ ಮಾಡುವ ಕೆಲಸವನ್ನು ಇಲ್ಲಿ ಕಬ್ಬಿಣದ ಅಂಶ ಮಾಡುತ್ತದೆ. ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪೆನಿಯ ವೈದ್ಯ ಮಲಬಾರಿನ ಅಂಗಾಡಿಪುರಂನಲ್ಲಿ ಈ ಕಲ್ಲನ್ನು ಕಂಡು, 1807ರಲ್ಲಿ ಅದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟ. ಕೆಳದಿಯ ಶಿವಪ್ಪ ನಾಯಕ 17ನೇ ಶತಮಾನದ ನಡುವೆ ಇದೇ ಕಲ್ಲಿನಿಂದ ಬೇಕಲದ ಕೋಟೆಯನ್ನು ಕಟ್ಟಿಸಿದ್ದು ರಾಯಲ್ ಕ್ರೆಸೆಂಟ್‌ಗಿಂತ ನೂರು ವರ್ಷ ಮೊದಲು. ಆದರೆ ಮುರಕಲ್ಲಿನ ಮೈ ತುಂಬ ತೂತು; ಅದರಲ್ಲಿ ಬೋದಿಗೆಯ ಸುರುಳಿಯನ್ನು ಕೆತ್ತಿ ನಿಲ್ಲಿಸಲು ಬರುವುದಿಲ್ಲ. ಬಾತ್ ಕಲ್ಲು ಯಾವ ದಿಕ್ಕಿಗೆ ಕೊಯ್ದರೂ ಒಂದೇ ಸಮನೆ ಬರುತ್ತದೆ. ಗ್ರೀಕ್ ಮತ್ತು ರೋಮನ್ ಮಾದರಿಯ ಕಂಬಗಳ ಆಸೆ ಆ ಊರಿನಲ್ಲಿ ಇಷ್ಟು ಸಲೀಸಾಗಿ ಕೈಗೂಡಿದ್ದಕ್ಕೆ ಕೈಗೆಟಕುವ ದೂರದಲ್ಲಿ ಅಂಥ ಕಲ್ಲು ಇದ್ದದ್ದು ಒಂದು ದೊಡ್ಡ ಕಾರಣ. ರಾಲ್ಫ್ ಆಲನ್ ಎಂಬ ವ್ಯಾಪಾರಿ ಕೂಂಬ್ ಡೌನ್ ಗುಡ್ಡದ ಗಣಿಗಳನ್ನು ಕೊಂಡು, ಇಳಿಜಾರಿನಲ್ಲಿ ಹಳಿ ಹಾಸಿ, ತೂಕದ ಬಲದಿಂದಲೇ ಕಲ್ಲಿನ ಬಂಡಿಗಳು ನದಿಯವರೆಗೆ ಇಳಿಯುವ ವ್ಯವಸ್ಥೆಯನ್ನು ಮಾಡಿದ್ದ.

ಮೇಸ್ತ್ರಿಯವರ ಎರಡನೆಯ ಪ್ರಶ್ನೆ, ‘ಇದಕ್ಕೆ ಇಳಿಮಾಡು ಎಲ್ಲಿ? ಮಳೆಯ ನೀರು ಎಲ್ಲಿಗೆ ಹೋಗುತ್ತದೆ?’ ಎಂದು. ರಾಯಲ್ ಕ್ರೆಸೆಂಟಿನ ಮಾಡಿಗೆ ಕಲ್ಲುಹಲಗೆ ಹೊದೆಸಿದ್ದಾರೆ, ಆದರೆ ಕೆಳಗಿನಿಂದ ನೋಡುವವರಿಗೆ ಅದು ಸರಿಯಾಗಿ ಕಾಣದಂತೆ ಮುಂದೆ ಕಲ್ಲಿನ ಕಟಕಟೆ ಕಟ್ಟಿದ್ದಾರೆ. ಮಾಡಿನಿಂದ ಇಳಿದ ನೀರು ಆ ಕಟಕಟೆಯ ಹಿಂದಿನ ಕಾಲುವೆಯಲ್ಲಿ ಹರಿದು ಕೊಳವೆಗೆ ಸೇರಬೇಕು. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಅದು ನಡೆಯುತ್ತದೆ. ಅದರ ನಾಲ್ಕು ಪಟ್ಟು ಮಳೆ ಹೊಡೆಯುವ ನಮ್ಮಲ್ಲಿ ಅಂಥ ಕಾಲುವೆ ಒಂದು ಆಟಿಯಲ್ಲಿಯೇ ತುಂಬಿ ಗೋಡೆಯೊಳಗೆ ಇಳಿದೀತು. ನಮ್ಮ ಹಿರಿಯರು ಮಾಡನ್ನು ಗೋಡೆಯಿಂದಾಚೆ ಚಾಚಿ, ಅದರ ನೆರಳಿನಲ್ಲಿ ಜಗಲಿ ಮಾಡಿದರು. ಈಗ ನಮ್ಮ ಪೇಟೆಗಳಲ್ಲಿ ಸಿಮೆಂಟಿನ ಉರುಟು ಕಂಬಗಳನ್ನು ಎರಡು ಮಾಳಿಗೆಯ ಎತ್ತರಕ್ಕೆ ನಿಲ್ಲಿಸಿ, ಇಳಿಮಾಡನ್ನು ತೆಗೆದುಬಿಟ್ಟ ಹೊಸ ಮನೆಗಳನ್ನು ಕಟ್ಟುವವರು ಬಾತ್‌ನ ಕಂಬಗಳ ಎತ್ತರದ ಜೊತೆಗೆ ಬಾತ್‌ನ ಮಳೆಯ ಪ್ರಮಾಣವನ್ನೂ ಕೇಳಿಕೊಳ್ಳಬೇಕು. ಗೋಡೆ ಹಸುರು ಹಿಡಿಯುವುದು ಕಲ್ಲಿನ ತಪ್ಪಿನಿಂದಲ್ಲ.

ಬಾತ್ ಕಲ್ಲಿನ ನಿಜವಾದ ವೈರಿ ಮಳೆಯಲ್ಲ, ಹೊಗೆ. ಕಲ್ಲಿದ್ದಲಿನ ಹೊಗೆಯಲ್ಲಿರುವ ಗಂಧಕ ಸುಣ್ಣಕಲ್ಲಿನ ಜೊತೆ ಸೇರಿ, ಮಳೆ ತೊಳೆಯದ ಸಂದುಗಳಲ್ಲಿ ಕರಿಯ ಹಕ್ಕಳೆ ಕಟ್ಟುತ್ತದೆ. 20ನೇ ಶತಮಾನದ ನಡುವಿನವರೆಗೆ ಇಡೀ ನಗರ ಕಪ್ಪಾಗಿತ್ತು. ಆಮೇಲೆ ಒಂದೊಂದಾಗಿ ತೊಳೆದು ಜೇನಿನ ಬಣ್ಣವನ್ನು ಹೊರಗೆ ತಂದರು. ತೊಳೆದ ಕಾಲ ಬೇರೆ ಬೇರೆಯಾದ್ದರಿಂದ ಹತ್ತಿರ ಹೋಗಿ ನೋಡಿದರೆ ಪಕ್ಕಪಕ್ಕದ ಮನೆಗಳ ಛಾಯೆಯಲ್ಲಿ ಸಣ್ಣ ಸಣ್ಣ ವ್ಯತ್ಯಾಸ ಕಾಣುತ್ತದೆ.

ಇನ್ನು ಒಂದನೇ ಮನೆಯ ವಸ್ತುಸಂಗ್ರಹಾಲಯದ ಮಾತು. ಒಂದು ಕಾಲದಲ್ಲಿ ಬಾಡಿಗೆ ಕೋಣೆಗಳ ವಸತಿಗೃಹವಾಗಿ ಸವೆದಿದ್ದ ಈ ಮನೆಯನ್ನು ಬರ್ನಾರ್ಡ್ ಕೇಜರ್ ಎಂಬ ದಾನಿ 1960ರ ದಶಕದ ಕೊನೆಯಲ್ಲಿ ಕೊಂಡು, ದುರಸ್ತಿಗೆ ಹಣವನ್ನೂ ಸೇರಿಸಿ, 1934ರಲ್ಲಿ ಸ್ಥಾಪನೆಯಾದ ಬಾತ್ ಸಂರಕ್ಷಣಾ ಟ್ರಸ್ಟಿಗೆ ಒಪ್ಪಿಸಿದರು. 1970ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಕೆಲಸದವರ ಭಾಗ ಬಹುಕಾಲ ಬೇರೆ ಮನೆಯಾಗಿ ಹೋಗಿತ್ತು. ಅದನ್ನು 2013ರಲ್ಲಿ ಮತ್ತೆ ಕೂಡಿಸಿಕೊಂಡರು. 1776ರಿಂದ 1796ರವರೆಗೆ ಇಲ್ಲಿ ಬಾಡಿಗೆಗಿದ್ದ ಐರ್ಲೆಂಡಿನ ಹೆನ್ರಿ ಸ್ಯಾಂಡ್‌ಫರ್ಡ್ ಎಂಬವರ ಕಾಲದಲ್ಲಿ ಮನೆ ಹೇಗಿದ್ದಿರಬಹುದೋ ಹಾಗೆ ಕೋಣೆಗಳನ್ನು ಸಜ್ಜುಗೊಳಿಸಿದ್ದಾರೆ.

ಟಿಕೆಟಿನ ಹಣ ಸಾರ್ಥಕವಾಗುವುದು ಈ ಮನೆಯ ಎರಡು ಮೆಟ್ಟಿಲುದಾರಿಗಳಿಂದ ಎಂದು ನಾನು ಹೇಳುತ್ತೇನೆ. ಒಂದು ಅಗಲವಾದ, ಬೆಳಕು ಬೀಳುವ, ಯಜಮಾನರ ದಾರಿ, ಇನ್ನೊಂದು ಕೆಲಸದವರದು. ಊಟದ ಕೋಣೆ, ಓದುಕೋಣೆ, ಮೊದಲ ಮಹಡಿಯ ದೊಡ್ಡ ಪಡಸಾಲೆ, ಮಲಗುವ ಕೋಣೆ ಇವೆಲ್ಲ ಮೇಲಿನ ಬೆಳಕಿನಲ್ಲಿವೆ. ಅಡುಗೆಮನೆ ಮತ್ತು ಕೆಲಸದವರು ಕುಳಿತುಕೊಳ್ಳುವ ಕೋಣೆ ಕೆಳಗೆ, ರಸ್ತೆಯ ಮಟ್ಟಕ್ಕಿಂತ ತಗ್ಗಿನಲ್ಲಿ. ಬೀದಿಗೂ ಮನೆಗೂ ನಡುವೆ ಬಿಟ್ಟ ಆಳವಾದ ಕಿರಿದಾದ ಅಂಗಳದಿಂದ ಮಾತ್ರ ಅಲ್ಲಿಗೆ ಬೆಳಕು ಇಳಿಯುತ್ತದೆ. ಕಾಲುದಾರಿಯ ಅಡಿಯಲ್ಲಿ ಕಮಾನು ಕಟ್ಟಿ ಕಲ್ಲಿದ್ದಲು ತುಂಬುತ್ತಿದ್ದರು. ಹೊರಗಿನಿಂದ ಮೂರು ಅಂತಸ್ತಾಗಿ ಕಾಣುವ ಮನೆಯ ಭಾರವೆಲ್ಲ, ದುಡಿಮೆಯ ಭಾರವೂ ಸೇರಿ, ಕಣ್ಣಿಗೆ ಬೀಳದ ಈ ನಾಲ್ಕನೆಯ ಅಂತಸ್ತಿನ ಮೇಲೆ ನಿಂತಿದೆ. ಇದನ್ನು ಮನೆಯೊಳಗೆ ಇಳಿದು ನೋಡಿದವರಿಗೆ ಮಾತ್ರ ತಿಳಿಯುತ್ತದೆ.

ಮೊದಲ ಮಹಡಿಯ ಕಿಟಕಿಯ ಬಳಿ ಸ್ವಲ್ಪ ಹೊತ್ತು ನಿಲ್ಲಿ. 19ನೇ ಶತಮಾನದಲ್ಲಿ ಸಾಲಿನ ಹಲವು ಮನೆಯವರು ಈ ಮಹಡಿಯ ಕಿಟಕಿಗಳ ತಳವನ್ನು ಕೆಳಕ್ಕೆ ಇಳಿಸಿ ಉದ್ದ ಮಾಡಿಸಿದರು. ಒಂದನೇ ಮನೆಯಲ್ಲಿ ಅವನ್ನು ಮೂಲದ ಅಳತೆಗೆ ಮರಳಿಸಿದ್ದಾರೆ. ಹೊರಗೆ ಬಂದು ಸಾಲನ್ನು ನೋಡಿದಾಗ ಈ ವ್ಯತ್ಯಾಸ ಕಾಣುತ್ತದೆ. ಸಣ್ಣ ಕಿಟಕಿಯಿದ್ದಾಗ ಕಂಬಗಳ ನಡುವೆ ಗೋಡೆಯ ಮೈ ಹೆಚ್ಚು ಉಳಿದು ಕಟ್ಟಡಕ್ಕೆ ತೂಕ ಬರುತ್ತದೆ. ಒಳಗಿನ ಪ್ರದರ್ಶನ ಮುಖ್ಯವಾಗಿ ಆ ಕಾಲದ ಮನೆವಾರ್ತೆಯನ್ನು ಕುರಿತದ್ದು, ಕಟ್ಟುವ ವಿದ್ಯೆಯನ್ನು ಕುರಿತದ್ದಲ್ಲ. ನಗರದರ್ಶನವನ್ನು ಮೊದಲು ಮುಗಿಸಿ ಇಲ್ಲಿಗೆ ಬರಬೇಕೆಂದು ನಾನು ಒತ್ತಿ ಹೇಳುವುದು ಅದಕ್ಕಾಗಿ.

ಈ ಸೌಂದರ್ಯಕ್ಕೆ ಸುರಿದ ಹಣ ಎಲ್ಲಿಂದ ಬಂತು ಎಂಬುದನ್ನೂ ಮರೆಯಬಾರದು. ಆ ಕಾಲದ ಬಾತ್‌ನಲ್ಲಿ ಬಿಡಾರ ಹೂಡುತ್ತಿದ್ದ ಶ್ರೀಮಂತರಲ್ಲಿ ಕೆರಿಬಿಯನ್ ದ್ವೀಪಗಳ ಸಕ್ಕರೆ ತೋಟಗಳಿಂದ, ಅಲ್ಲಿ ಗುಲಾಮರಾಗಿ ದುಡಿದವರ ಬೆವರಿನಿಂದ ಸಂಪತ್ತು ಗಳಿಸಿದವರೂ ಇದ್ದರು. ಜಮೈಕಾದ ತೋಟಗಳ ಒಡೆಯ ವಿಲಿಯಂ ಬೆಕ್‌ಫರ್ಡ್ 1820ರ ದಶಕದಲ್ಲಿ ಇದೇ ಊರಿನ ಲ್ಯಾನ್ಸ್‌ಡೌನ್ ಕ್ರೆಸೆಂಟಿನಲ್ಲಿ ನೆಲೆಸಿದ. ಕಂಬಗಳನ್ನು ಮೆಚ್ಚುವಾಗ ಇದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ನ್ಯಾಯ.

ಹೋಗುವವರಿಗೆ ಕೆಲವು ಸೂಚನೆಗಳು. ರೈಲು ನಿಲ್ದಾಣದಿಂದ ರಾಯಲ್ ಕ್ರೆಸೆಂಟಿನವರೆಗೆ ಏರುದಾರಿ, ಮಂಡಿನೋವಿದ್ದವರು ಮೇಲಿನವರೆಗೆ ವಾಹನದಲ್ಲಿ ಹೋಗಿ ಇಳಿಯುತ್ತ ನೋಡಬಹುದು. ವಸ್ತುಸಂಗ್ರಹಾಲಯ ತೆರೆಯುವ ದಿನ ಮತ್ತು ಹೊತ್ತನ್ನು ಮೊದಲೇ ಮಕ್ಕಳಿಂದ ವಿಚಾರಿಸಿಕೊಳ್ಳಿ. ಮನೆಗಳ ಮುಖ ಹೆಚ್ಚು ಕಡಿಮೆ ದಕ್ಷಿಣಕ್ಕಿರುವುದರಿಂದ ಬಿಸಿಲಿದ್ದ ದಿನ ಕಂಬಗಳ ನೆರಳು ಗೋಡೆಯ ಮೇಲೆ ಬಿದ್ದು ಬಾಗು ಸ್ಪಷ್ಟವಾಗಿ ಕಾಣುತ್ತದೆ. ಮೋಡದ ದಿನ ಅದು ಚಪ್ಪಟೆಯಾಗಿಬಿಡುತ್ತದೆ. ಇಡೀ ಸಾಲನ್ನು ಒಂದೇ ನೋಟದಲ್ಲಿ ಹಿಡಿಯಬೇಕಾದರೆ ಸಾರ್ವಜನಿಕ ಉದ್ಯಾನಕ್ಕೆ ಇಳಿದು ನಿಲ್ಲಬೇಕು, ಬುತ್ತಿ ಬಿಚ್ಚಲೂ ಅದೇ ಒಳ್ಳೆಯ ಜಾಗ. ಹಿಂಬದಿಯ ಓಣಿ ಕಿರಿದು, ಅಲ್ಲಿರುವವು ಜನ ವಾಸಿಸುತ್ತಿರುವ ಮನೆಗಳು. ಗುಂಪಾಗಿ ನಿಂತು ಕಿಟಕಿಗಳತ್ತ ಕ್ಯಾಮೆರಾ ಹಿಡಿಯದೆ, ನಡೆಯುತ್ತಲೇ ನೋಡಿಕೊಂಡು ಬನ್ನಿ.